ಮಿನುಗದ ಕೋಶ, ನಡುಗದ ಎಳೆ

ನಮ್ಮ ಅವ್ವನನ್ನು "ಹೇಗಿದ್ದೀಯ?" ಎಂದು ಕೇಳಿ ಪ್ರಯೋಜನವಿರಲಿಲ್ಲ. ಜ್ವರದಲ್ಲಿ ಮೈ ಕೆಂಡದ ಹಾಗೆ ಸುಡುತ್ತಿದ್ದರೂ "ಏನಾಗದೆ ನಂಗೆ, ಗುಂಡ್ಕಲ್ ಇದ್ದಂಗಿದ್ದೀನಿ" ಅನ್ನುವ ಹೆಂಗಸು. ಹಲ್ಲುನೋವಿಗೆ ಲವಂಗ, ಬೆನ್ನುನೋವಿಗೆ ಬಿಸಿನೀರು, ಮಿಕ್ಕಿದ್ದಕ್ಕೆಲ್ಲ ಹಣೆಗೆ ಇನ್ನೊಂದು ಪಟ್ಟಿ ವಿಭೂತಿ. ಆದ್ದರಿಂದ ಅವಳ ಕತ್ತಿನ ಆಪರೇಷನ್ ಆದ ವರ್ಷ ನಾನು ಕೇಳುವುದನ್ನು ಬಿಟ್ಟು ನೋಡುವುದನ್ನು ಶುರುಮಾಡಿದೆ. ನೋಡುವುದೇ ನನ್ನ ಕಸುಬೂ ಆಗಿತ್ತು.

ಅದು ಎರಡು ಸಾವಿರದ ಇಸವಿ ದಾಟಿದ ಮೊದಮೊದಲ ವರ್ಷಗಳು. ಕೈಗೆ ಮೊಬೈಲು ಹೊಸದಾಗಿ ಬಂದಿತ್ತು, ಮನೆಯಲ್ಲಿ ಮಾತ್ರ ಇನ್ನೂ ಲ್ಯಾಂಡ್‌ಲೈನು. ನಾನು ಮೈಸೂರಿನಲ್ಲೇ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಕೆಲಸ ಏನೆಂದರೆ, ಬದುಕಿರುವ ಜೀವಕೋಶದೊಳಗೆ ಕ್ಯಾಲ್ಸಿಯಂ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಕಣ್ಣಾರೆ ನೋಡುವುದು. ಕ್ಯಾಲ್ಸಿಯಂ ಅಂದರೆ ಮೂಳೆ, ಹಲ್ಲು ಎಂದಷ್ಟೇ ನಾವು ತಿಳಿದಿರುತ್ತೇವೆ. ಕೋಶದೊಳಗೆ ಅದು ಸುದ್ದಿ ಒಯ್ಯುವ ಆಳು. ಹೊರಗಿನಿಂದ ಯಾವುದಾದರೂ ಕರೆ ಬಂದರೆ ಕೋಶದೊಳಗೆ ಕ್ಯಾಲ್ಸಿಯಂ ಒಂದು ಕ್ಷಣ ಏರಿ ಮತ್ತೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ಬೆಳಕಿಲ್ಲ, ಸುಮ್ಮನೆ ನೋಡಿದರೆ ಏನೂ ಕಾಣುವುದಿಲ್ಲ.

ಕಾಣುವ ಹಾಗೆ ಮಾಡಲು ಒಂದು ಪ್ರೋಟೀನು ಬಂದಿತ್ತು. ಸಮುದ್ರದಲ್ಲಿ ಹಸಿರಾಗಿ ಹೊಳೆಯುವ ಒಂದು ಲೋಳೆಮೀನಿದೆ. ಅದರ ಹೊಳೆಯುವ ಪ್ರೋಟೀನಿಗೆ ಕ್ಯಾಲ್ಸಿಯಂ ಹಿಡಿಯುವ ಇನ್ನೊಂದು ಪ್ರೋಟೀನನ್ನು ಜೋಡಿಸಿದ್ದರು. ಅದನ್ನು ತಯಾರಿಸುವ ವಂಶವಾಹಿಯನ್ನು ಕೋಶದೊಳಗೆ ಸೇರಿಸಿಬಿಟ್ಟರೆ ಸಾಕು, ಕೋಶ ತನ್ನ ದೀಪವನ್ನು ತಾನೇ ಮಾಡಿಕೊಳ್ಳುತ್ತದೆ. ನೀಲಿ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ಯಾಲ್ಸಿಯಂ ಏರಿದಾಗ ಹಸಿರು ಜಾಸ್ತಿ, ಇಳಿದಾಗ ಮಂಕು. ಒಂದು ಸಂಜೆ ಅವರೆಕಾಳು ಬಿಡಿಸುತ್ತ ಕೂತಿದ್ದ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಕ್ಯಾಲ್ಸಿಯಂ ಅಂದರೆ ಸುಣ್ಣದಲ್ಲಿ ಇರುತ್ತದಲ್ಲ ಅದು, ಎಂದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಸುಣ್ಣ ಸಿಕ್ರೆ ದೀಪ ಹತ್ಕೊತದೆ, ಸಿಗ್ದಿದ್ರೆ ಮಂಕಾಯ್ತದೆ. ಅಷ್ಟೇ ತಾನೇ? ಇದ್ನ ನೋಡಕ್ಕೆ ಇಷ್ಟು ವರ್ಷ ಓದ್ಬೇಕಾ?"

"ಅಷ್ಟೇ ಅಲ್ಲ ಕಣವ್ವ" ಎಂದೆ. ಆದರೆ ನಿಜ ಹೇಳಬೇಕೆಂದರೆ ಅಷ್ಟೇ.

ಅಷ್ಟೇ ಆಗಿದ್ದರೂ ಅದರಲ್ಲಿ ಮೋಸಹೋಗುವ ದಾರಿಗಳು ಬೇಕಾದಷ್ಟಿದ್ದವು. ನಮ್ಮ ಗೈಡು ಮೆಲುದನಿಯ ಸಿಡುಕಿನ ಮನುಷ್ಯ. ಮೊದಲ ಸಲ ಕೋಶ ಬೆಳೆಸುವ ಗಾಜಿನ ಡಬ್ಬಿಯಲ್ಲಿ ಒಂದು ಕೋಶ ಝಗಝಗ ಹೊಳೆಯುತ್ತಿದ್ದದ್ದನ್ನು ನಾನು ಹೆಮ್ಮೆಯಿಂದ ತೋರಿಸಿದಾಗ, ಅವರು ಕನ್ನಡಕ ಹಣೆಗೇರಿಸಿ ಒಂದು ನಿಮಿಷ ನೋಡಿದರು.

"ಏನಮ್ಮ, ಇದು ಸಾಯ್ತಾ ಇದೆಯಲ್ಲ" ಎಂದರು.

"ಸರ್, ಎಲ್ಲದಕ್ಕಿಂತ ಚೆನ್ನಾಗಿ ಹೊಳೀತಿದೆ."

"ಹೊಸಬರೆಲ್ಲ ಹೊಳಪಿಗೇ ಮರುಳಾಗೋದು. ಹೊಳಪು ನೋಡ್ಬೇಡಿ, ಏರಿಳಿತ ನೋಡಿ. ಇದರ ಪೊರೆ ತೂತಾಗಿದೆ, ಹೊರಗಿನ ಕ್ಯಾಲ್ಸಿಯಂ ಎಲ್ಲಾ ಒಳಗೆ ನುಗ್ಗಿದೆ, ಅದಕ್ಕೇ ಒಂದೇ ಸಮ ಬೆಳಗ್ತಿದೆ. ಬದುಕಿರೋದು ಮಿನುಗ್ತದೆ. ಮಿನುಗದೆ ಬರೀ ಬೆಳಗೋದನ್ನ ಕಂಡ್ರೆ ಅನುಮಾನ ಪಡಿ."

ಆಮೇಲೆ ಎಷ್ಟೋ ಕೋಶಗಳಲ್ಲಿ ಅದು ನಿಜವಾದದ್ದನ್ನು ನೋಡಿದೆ. ಆದರೂ ಅತಿ ಹೊಳೆಯುವುದರ ಕಡೆಗೇ ಕಣ್ಣು ಮೊದಲು ಓಡುತ್ತಿತ್ತು. ಕಣ್ಣಿಗೆ ಬುದ್ಧಿ ಬರಲು ಕಾಲ ಬೇಕು.

ಅವ್ವನ ಕತ್ತಿನಲ್ಲಿ ಗಡ್ಡೆ ಬೆಳೆದು, ಥೈರಾಯ್ಡ್ ಗ್ರಂಥಿಯನ್ನೇ ತೆಗೆಯಬೇಕಾಗಿ ಬಂದದ್ದು ನಾನು ಈ ಕೆಲಸದ ನಡುಮಧ್ಯೆ ಇದ್ದಾಗ. ಆಪರೇಷನ್ನು ಚೆನ್ನಾಗೇ ಆಯಿತು. ಆದರೆ ಆ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ ಕಾಳಿನಷ್ಟು ಸಣ್ಣ ಬೇರೆ ಗ್ರಂಥಿಗಳಿರುತ್ತವೆ, ರಕ್ತದಲ್ಲಿ ಕ್ಯಾಲ್ಸಿಯಂ ಕಾಯುವ ಕೆಲಸ ಅವುಗಳದ್ದು. ಅವಕ್ಕೆ ಪೆಟ್ಟಾಗಿದೆ, ಮತ್ತೆ ಚೇತರಿಸಿಕೊಳ್ಳಬಹುದು, ಅಲ್ಲಿಯವರೆಗೆ ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದರು. ತಪ್ಪಿಸಿದರೆ ಏನಾಗುತ್ತದೆ ಎಂದು ಅಪ್ಪಾಜಿ ಕೇಳಿದರು. ಮೊದಲು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಆಮೇಲೆ ಬೆರಳು ನಡುಗಿ ಸೆಟೆದುಕೊಳ್ಳುತ್ತವೆ, ಅದನ್ನೂ ಅಲಕ್ಷ್ಯ ಮಾಡಿದರೆ ಗಂಟಲು ಬಿಗಿದು ಉಸಿರು ಕಟ್ಟಬಹುದು, ಫಿಟ್ಸ್ ಬರಬಹುದು, ಎಂದರು ಡಾಕ್ಟರು. ಅವರು ಅದನ್ನು ಬಸ್ಸಿನ ಸಮಯ ಹೇಳಿದಷ್ಟು ಸಲೀಸಾಗಿ ಹೇಳಿದರು.

ನನ್ನ ಡಬ್ಬಿಯ ಕೋಶದೊಳಗೆ ಕ್ಯಾಲ್ಸಿಯಂ ಕಡಿಮೆಯಾದರೆ ಮಂಕಾಗುತ್ತದೆ, ಸುಮ್ಮನಾಗುತ್ತದೆ. ಮನುಷ್ಯರ ರಕ್ತದಲ್ಲಿ ಕಡಿಮೆಯಾದರೆ ನರಗಳು ಸುಮ್ಮನಾಗುವುದಿಲ್ಲ, ಕೆರಳುತ್ತವೆ. ಕರೆಯದಿದ್ದರೂ ಎದ್ದು ಕೂಗುತ್ತವೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಅವ್ವನ ವಿಷಯದಲ್ಲಿ ಗೊತ್ತಾದಾಗಿನಿಂದ ನಿದ್ದೆ ಹಾರಿಹೋಯಿತು. ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾದರೂ ಎದ್ದು ಓಡುತ್ತಿದ್ದೆ. ಇಷ್ಟಾದರೂ ಮಾತ್ರೆ ಅವಳಿಗೆ ಹಿಡಿಸಲೇ ಇಲ್ಲ.

"ಸೀಮೆಸುಣ್ಣ ನುಂಗ್ದಂಗಾಯ್ತದೆ. ಹೊಟ್ಟೆ ಕಟ್ಕೊಂಡು ಸಾಯ್ತೀನಿ" ಎನ್ನುತ್ತಿದ್ದಳು.

"ನುಂಗ್ಲೇಬೇಕು ಕಣವ್ವ."

"ನೀನೇ ಹೇಳ್ದಲ್ಲ ಸುಣ್ಣ ಅಂತ. ಊಟ ಆದ್ಮೇಲೆ ಎಲೆಗೆ ಸುಣ್ಣ ಹಚ್ಕೊಂಡೇ ಹಾಕ್ಕೊತೀನಲ್ಲ, ಅದೆಲ್ಲಿಗೆ ಹೋಯ್ತು?"

ನನ್ನ ವಿದ್ಯೆಯೆಲ್ಲ ತಿರುಗಿ ನನ್ನ ತಲೆಯ ಮೇಲೇ ಬಿದ್ದಿತ್ತು. ಎಲೆಯಡಿಕೆಯ ಚಿಟಿಕೆ ಸುಣ್ಣ ಯಾವ ಮೂಲೆಗೂ ಸಾಲದು ಎಂದು ಬೈದು, ಗೋಗರೆದು, ಕೊನೆಗೆ ಎದುರಿಗೆ ನಿಂತು ನುಂಗಿಸುತ್ತಿದ್ದೆ. ಬೆಳಗಿನದನ್ನು ನುಂಗಿಸಬಹುದಿತ್ತು. ಮಧ್ಯಾಹ್ನದ್ದು, ಸಂಜೆಯದ್ದು ಶಿವನೇ ಬಲ್ಲ. ಅಪ್ಪಾಜಿ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮೊದಲ ಪಾಳಿಯವರು. ಬೆಳಕು ಹರಿಯುವ ಮೊದಲೇ ಕಾರ್ಖಾನೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಮಧ್ಯಾಹ್ನ ಬಂದರೂ ಕಾಫಿ ತಡವಾಗದ ಹೊರತು ಮನೆಯಲ್ಲಿ ಏನು ನಡೆದಿದೆ ಎಂದು ಗಮನಿಸುವ ಜೀವ ಅಲ್ಲ. ರಕ್ತಪರೀಕ್ಷೆಯೋ, ಡಾಕ್ಟರು ಕರೆದಾಗ ಮಾತ್ರ. ನಡುವಿನ ದಿನಗಳಲ್ಲಿ ಅವಳ ಕ್ಯಾಲ್ಸಿಯಂ ಎಷ್ಟಿದೆ ಎಂದು ತಿಳಿಯಲು ನನ್ನ ಬಳಿ ಏನೂ ಇರಲಿಲ್ಲ.

ಆಗ ಸಿಕ್ಕಿದ್ದು ರಂಗೋಲಿ.

ಶ್ರೀರಾಂಪುರದಲ್ಲಿ ನಮ್ಮದು ಆಗತಾನೇ ಎದ್ದ ಬಡಾವಣೆ. ಅರ್ಧಕ್ಕರ್ಧ ಖಾಲಿ ಸೈಟು, ನಡುವೆ ಒಂದೊಂದು ಮನೆ. ನಮ್ಮ ಗೇಟಿನ ಮುಂದೆ ಒಂದು ಚೂರು ಸಿಮೆಂಟು ನೆಲವಿತ್ತು. ಅವ್ವ ದಿನಾ ಬೆಳಿಗ್ಗೆ ಅದನ್ನು ತೊಳೆದು, ಚುಕ್ಕಿ ಇಟ್ಟು, ಎಳೆ ಸುತ್ತುತ್ತಿದ್ದಳು. ಚಿಟಿಕೆಯಲ್ಲಿ ಪುಡಿ ಮುಗಿಯುತ್ತ ಬಂದಲ್ಲಿ ಎಳೆ ತೆಳುವಾಗುತ್ತಿತ್ತು, ಹೊಸ ಚಿಟಿಕೆ ಹಿಡಿದಲ್ಲಿ ಮತ್ತೆ ದಪ್ಪ. ಮಿಕ್ಕ ದಿನ ಕೈಗೆ ಬಂದದ್ದು ಬಿಡಿಸಿದರೂ ಸೋಮವಾರ ಮಾತ್ರ ಬಿಲ್ವಪತ್ರೆ. ನೆಂಟರ ಮದುವೆ ಇರಲಿ, ಮಳೆ ಇರಲಿ, ಸೋಮವಾರ ಅಂದರೆ ಮೂರೆಲೆಯ ಬಿಲ್ವ. ನಾನು ವರ್ಷಗಟ್ಟಲೆ ಅದನ್ನು ದಾಟಿಕೊಂಡು ಹೋಗಿದ್ದೆ, ಒಂದು ದಿನವಾದರೂ ನಿಂತು ನೋಡಿದವಳಲ್ಲ.

ಆಪರೇಷನ್ ಆಗಿ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಮೊಪೆಡ್ ಹೊರಗೆ ತೆಗೆಯುವಾಗ ಕಣ್ಣಿಗೆ ಬಿತ್ತು. ಎಳೆ ಅಲ್ಲಲ್ಲಿ ಸಣ್ಣಗೆ ಕುಂಟಿತ್ತು. ಒಂದು ಕಡೆ ಚುಕ್ಕಿ ಬಿಟ್ಟು ಆಚೆ ಹೋಗಿತ್ತು. ಅವತ್ತೇ ರಕ್ತ ಕೊಡುವ ದಿನ. ಫಲಿತಾಂಶ ಬಂದಾಗ ಕ್ಯಾಲ್ಸಿಯಂ ತೀರಾ ಇಳಿದಿತ್ತು. ಮಾತ್ರೆ ಜಾಸ್ತಿ ಮಾಡಿದರು, ಎಳೆ ನೇರವಾಯಿತು. ಇನ್ನೊಂದು ಸಲವೂ ಹಾಗೇ ಆಯಿತು. ಅಲ್ಲಿಂದ ನನಗೆ ಚಟ ಹತ್ತಿತು. ಬೆಳಿಗ್ಗೆ ಗಾಡಿ ಒರೆಸುವ ನೆಪದಲ್ಲಿ ಗೇಟಿನ ಹತ್ತಿರ ನಿಂತು ಎಳೆಯನ್ನು ಓದುತ್ತಿದ್ದೆ. ಸೊಟ್ಟಗಿದ್ದರೆ ಅವತ್ತು ಪ್ರಯೋಗಾಲಯದಿಂದ ಮತ್ತೆ ಮತ್ತೆ ಫೋನು. ಮಾತ್ರೆ ತಗೊಂಡ್ಯಾ, ಹಾಲು ಕುಡಿದ್ಯಾ, ತುಟಿ ಜುಮ್ ಅಂತಾ. ನೆಟ್ಟಗಿದ್ದರೆ ನೆಮ್ಮದಿ, ಕೆಲಸದಲ್ಲಿ ಮುಳುಗಿಬಿಡುತ್ತಿದ್ದೆ. ಅವ್ವನಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಕೈ ಬಿಗಿಹಿಡಿದು ಎಳೆಯುತ್ತಾಳೆ, ಇರುವ ಒಂದು ಗುರುತೂ ಕೆಟ್ಟುಹೋಗುತ್ತದೆ ಎಂಬ ಭಯ.

ಅಷ್ಟರಲ್ಲಿ ನನ್ನ ಸರದಿ ಬಂತು. ಕೋಶದ ಮಿನುಗನ್ನು ಕ್ಷಣಕ್ಷಣಕ್ಕೆ ಚಿತ್ರ ತೆಗೆಯುವ ಕ್ಯಾಮರಾ ಇದ್ದ ಸೂಕ್ಷ್ಮದರ್ಶಕ ನಮ್ಮಲ್ಲಿರಲಿಲ್ಲ. ಊರಿನ ಇನ್ನೊಂದು ಕಡೆ ಬೇರೊಂದು ಸಂಸ್ಥೆಯಲ್ಲಿತ್ತು. ಅದಕ್ಕೆ ಕಾಯುವವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ನನಗೆ ಸಿಕ್ಕಿದ್ದು ಒಂದು ಶುಕ್ರವಾರದಿಂದ ಮಂಗಳವಾರದವರೆಗೆ. ಅದರ ದೀಪಕ್ಕೆ ಇಂತಿಷ್ಟು ಗಂಟೆಯ ಆಯಸ್ಸು. ಸುಮ್ಮನೆ ಉರಿಸಿದರೆ ಗೈಡಿಗೆ ಪ್ರಾಣಸಂಕಟ.

ಹಿಂದಿನ ದಿನ ಗುರುವಾರ ಎಳೆ ಕುಂಟಿತ್ತು. ಬುಧವಾರವೂ. ಸಂಜೆ ಅಪ್ಪಾಜಿಯ ಹತ್ತಿರ ವರಾಂಡದಲ್ಲಿ ಪಿಸುಗುಟ್ಟಿದೆ. "ಅವ್ವನ ಕೈ ಸರಿಯಿಲ್ಲ ಅಪ್ಪಾಜಿ. ಈ ಸಲದ ಸರದಿ ಬೇಡ ಅಂದ್ಬುಡ್ತೀನಿ."

"ಬುಟ್ರೆ ಮತ್ತೆ ಯಾವಾಗ ಸಿಗ್ತದೆ?"

"ಗೊತ್ತಿಲ್ಲ."

ಅವರು ಪೇಪರು ಮಡಿಚಿಟ್ಟರು. ಅತ್ತ ದರಿ ಇತ್ತ ಪುಲಿ ಎನ್ನುವ ಹಾಗಾಗಿತ್ತು ನನಗೆ. ಒಳಗೆ ಒಗ್ಗರಣೆಯ ಸದ್ದು ನಿಂತಿದ್ದು ಆಗ ನನ್ನ ಗಮನಕ್ಕೆ ಬರಲಿಲ್ಲ. ಬೆಳಿಗ್ಗೆ ಎಳೆ ನೋಡಿ ತೀರ್ಮಾನಿಸೋಣ ಎಂದುಕೊಂಡು ಮಲಗಿದೆ.

ಶುಕ್ರವಾರ ಬೆಳಿಗ್ಗೆ ರಂಗೋಲಿ ಎಷ್ಟು ಅಚ್ಚುಕಟ್ಟಾಗಿತ್ತು ಎಂದರೆ ನನಗೆ ಅಳು ಬರುವಷ್ಟು ಸಂತೋಷವಾಯಿತು. ಎಲ್ಲೂ ನಡುಕವಿಲ್ಲ, ಎಳೆ ದಾರ ಹಿಡಿದು ಎಳೆದ ಹಾಗೆ. ಒಳಗೆ ದೇವರ ಗೂಡಿನ ಮುಂದೆ ಅವ್ವ ನನಗೆ ಬೆನ್ನು ಮಾಡಿ ಕೂತಿದ್ದಳು, ಕೈ ಸೆರಗಿನೊಳಗೆ. "ಊಟದ ಡಬ್ಬಿ ಮೇಜಿನ ಮೇಲದೆ, ತಗೊಂಡೋಗು" ಎಂದಳು. "ಮಾತ್ರೆ?" ಎಂದೆ. "ಆಗ್ಲೇ ನುಂಗ್ದೆ" ಎಂದಳು. ಓಡಿದೆ. ಶನಿವಾರವೂ ಹಾಗೇ. ಭಾನುವಾರವೂ ಹಾಗೇ. ಸಂಜೆ ಕತ್ತಲಾದ ಮೇಲೆ ಮನೆಗೆ ಬಂದರೆ, "ತಲೆ ಭಾರ, ಬಡಿಸ್ಕೊಂಡು ಉಣ್ಣು ಮಗಾ" ಎಂದು ಅವಳು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಆ ಮೂರು ದಿನ ನಾನು ಮನೆಗೆ ಒಂದು ಫೋನೂ ಮಾಡಲಿಲ್ಲ. ಎಳೆ ಚೆನ್ನಾಗಿದೆಯಲ್ಲ, ಇನ್ನೇನು.

ಸೋಮವಾರ ಕತ್ತಲೆ ಕೋಣೆಯಲ್ಲಿ ಕೂತೆ. ಮೊಬೈಲಿನ ಬೆಳಕು ಕ್ಯಾಮರಾಕ್ಕೆ ಬಿದ್ದರೆ ಚಿತ್ರ ಕೆಡುತ್ತದೆಂದು ಅದನ್ನು ಆರಿಸಿ ಹೊರಗಿನ ಮೇಜಿನ ಡ್ರಾಯರಿನಲ್ಲಿ ಇಡಬೇಕಾಗಿತ್ತು. ಗೈಡು ನನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದರು. ಪರದೆಯ ಮೇಲೆ ಕೋಶಗಳು ಮಂಕು ಹಸಿರಾಗಿ ಹರಡಿದ್ದವು. ಅಲರ್ಜಿಯಾದಾಗ ನಮ್ಮ ಮೈಯಲ್ಲಿ ಹೊರಡುತ್ತದಲ್ಲ, ಆ ರಾಸಾಯನಿಕವನ್ನು ಒಂದು ಹನಿ ಡಬ್ಬಿಗೆ ಬಿಟ್ಟೆ. ಒಂದು ಉಸಿರು ಕಾಯುವಷ್ಟರಲ್ಲಿ ಮೊದಲನೆಯದು ಭಗ್ಗೆಂದು ಹೊತ್ತಿತು, ಮಂಕಾಯಿತು, ಮತ್ತೆ ಹೊತ್ತಿತು. ಪಕ್ಕದ್ದು, ಅದರಾಚೆಯದು. ಒಂದೊಂದಕ್ಕೆ ಒಂದೊಂದು ತಾಳ. ಮೂರು ವರ್ಷ ಇದಕ್ಕಾಗಿ ಕಾದಿದ್ದೆ. ಗೈಡು "ಹ್ಞೂಂ" ಎಂದರು, ಅವರ ಬಾಯಲ್ಲಿ ಅದು ದೊಡ್ಡ ಮಾತು.

ಪರದೆಯ ಮೂಲೆಯಲ್ಲಿ ಒಂದು ಕೋಶವಿತ್ತು. ಎಲ್ಲಕ್ಕಿಂತ ಪ್ರಕಾಶ, ಅಂಚೆಲ್ಲ ಸ್ಪಷ್ಟ. ಹನಿ ಬಿಡುವ ಮೊದಲು ಹೇಗಿತ್ತೋ ಆಮೇಲೂ ಹಾಗೇ ಇತ್ತು. ಸುತ್ತ ಎಲ್ಲವೂ ಏರಿಳಿಯುತ್ತಿದ್ದರೆ ಅದು ಒಂದೇ ಸಮ ಬೆಳಗುತ್ತಿತ್ತು.

"ಆ ಮೂಲೆಯದನ್ನ ಲೆಕ್ಕದಿಂದ ಬಿಡಿ. ಅದು ಹೋಯ್ತು" ಎಂದರು ಗೈಡು.

ಬಿಡುತ್ತೇನೆ ಎಂದು ಮೌಸ್ ಹಿಡಿದ ಕೈ ನಿಂತಿತು. ಮೂರು ದಿನ ಒಂದೇ ಸಮ. ನಾಲ್ಕನೆಯ ದಿನವೂ. ಬುಧವಾರ, ಗುರುವಾರ ಕುಂಟಿದ ಎಳೆ ಶುಕ್ರವಾರ ಹೇಗೆ ಒಮ್ಮೆಲೇ ನೆಟ್ಟಗಾಯಿತು? ಪುಡಿ ಮುಗಿಯುವಲ್ಲಿ ತೆಳುವಾಗಬೇಕಿತ್ತಲ್ಲ, ಈ ನಾಲ್ಕು ದಿನ ಎಲ್ಲಿ ತೆಳುವಾಗಿತ್ತು? ಆರೋಗ್ಯವಾಗಿದ್ದಾಗಲೂ ಅವ್ವನ ಎಳೆ ಅಷ್ಟು ಸಮನಾಗಿ ಬಂದದ್ದಿಲ್ಲ. ಇವತ್ತು ಬೆಳಿಗ್ಗೆ ಗೇಟಿನ ಮುಂದೆ ಇದ್ದದ್ದು ಏನು? ಕಮಲ. ಎಂಟು ದಳದ ಮುದ್ದಾದ ಕಮಲ. ಇವತ್ತು ಸೋಮವಾರ. ನಮ್ಮವ್ವ ಸೋಮವಾರ ಕಮಲ ಬಿಡಿಸುವ ಹೆಂಗಸಲ್ಲ.

ಅದು ಅವಳ ಕೈ ಅಲ್ಲ ಎಂದು ಗೊತ್ತಾದ ಕೂಡಲೇ ಮಿಕ್ಕದ್ದೂ ಗೊತ್ತಾಯಿತು. ಬೆನ್ನು ಮಾಡಿ ಕೂತದ್ದು, ಸೆರಗಿನೊಳಗಿನ ಕೈ, ಗೋಡೆ ಕಡೆ ತಿರುಗಿದ ಮುಖ. ನಾನು ಎದ್ದ ರಭಸಕ್ಕೆ ನನ್ನ ಸ್ಟೂಲು ಹಿಂದಕ್ಕೆ ಉರುಳಿತು. "ಸರ್, ನಮ್ಮವ್ವ" ಎಂದಷ್ಟೇ ಬಾಯಿಂದ ಹೊರಟದ್ದು. ಬಾಗಿಲು ತೆರೆದ ಬೆಳಕಿಗೆ ಪರದೆಯೆಲ್ಲ ಬಿಳಿಚಿಕೊಂಡಿತು. ಅವರು "ಬಾಗಿಲು" ಎಂದರು, ನಾನು ನಿಲ್ಲಲಿಲ್ಲ.

ಡ್ರಾಯರಿನಿಂದ ಮೊಬೈಲು ತೆಗೆದು ಮನೆಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಗಿ ನಿಂತುಹೋಯಿತು. ಇನ್ನೊಂದು ಸಲವೂ ಅಷ್ಟೇ. ಡಾಕ್ಟರು ಹೇಳಿದ ಗಂಟಲು ಬಿಗಿಯುವ ಮಾತು ಕಿವಿಯಲ್ಲೇ ಕೂತಿತ್ತು. ಮೊಪೆಡ್ಡನ್ನು ಹೇಗೆ ಓಡಿಸಿದೆನೋ. ಅಶೋಕಪುರಂ ಹತ್ತಿರ ಮರಳಿನ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಹಿಂದೆ ಮುಂದೆ ಆಡುತ್ತಿತ್ತು. ಆ ಡ್ರೈವರನಿಗೆ ನಾನು ಬೈದ ಮಾತುಗಳು ನಮ್ಮ ಮನೆಯಲ್ಲಿ ಯಾರೂ ಆಡಿದವಲ್ಲ. ಬೈಯುತ್ತ ಅಳುತ್ತಿದ್ದೆ, ಅವನು ಗಾಬರಿಯಾಗಿ ದಾರಿ ಬಿಟ್ಟ. ಅವ್ವನಿಗೂ ದಾರಿಯುದ್ದಕ್ಕೂ ಬೈದೆ. ಬದುಕಿರು, ಬಂದು ವಿಚಾರಿಸ್ಕೊತೀನಿ ಎಂದು.

ಗೇಟಿನ ಮುಂದೆ ಕಮಲ ಹಾಗೇ ಇತ್ತು. ಅದರ ಮೇಲೇ ಗಾಡಿ ನಿಲ್ಲಿಸಿದೆ.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ನೆಲದ ಮೇಲೆ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಎದುರುಮನೆಯ ಸೊಸೆ, ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು, ಅವಳ ಎರಡು ಕೈಗಳನ್ನೂ ಹಿಡಿದು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವ್ವನ ಬೆರಳುಗಳು ಒಂದಕ್ಕೊಂದು ಅಂಟಿ ನೆಟ್ಟಗೆ ಸೆಟೆದಿದ್ದವು, ಹೆಬ್ಬೆರಳು ಅಂಗೈಯೊಳಕ್ಕೆ ಮಡಿಚಿಕೊಂಡಿತ್ತು, ಮಣಿಕಟ್ಟು ಬಾಗಿತ್ತು. ತುಟಿ ಬಿಗಿದಿದ್ದರಿಂದ ಮಾತು ದಪ್ಪಗೆ ಬಂತು.

"ಯಾಕೆ ಬಂದ್ಬುಟ್ಟೆ? ಮಿಷಿನ್ ಸಿಕ್ಕಿತ್ತಲ್ಲ."

ವಿಚಾರಿಸಿಕೊಳ್ಳಲು ಬಂದವಳು ಪಕ್ಕದಲ್ಲಿ ಕುಕ್ಕರಿಸಿ ಅವಳ ಕೈ ಹಿಡಿದೆ. ಎದುರುಮನೆಯವಳು ಅಳುತ್ತಿದ್ದಳು.

"ಆಂಟಿ ಆಣೆ ಹಾಕ್ಬುಟ್ರು ಕಣಕ್ಕ. ಮಂಗಳವಾರದ ತಂಕ ಯಾರ್ಗೂ ಹೇಳ್ಬೇಡ ಅಂದ್ರು. ಫೋನ್ ಹೊಡ್ಕೊಂಡಾಗ ನಾನೇ ಎತ್ತಕ್ಕೆ ಹೋದೆ, ಬೇಡ ಅಂತ ಸೀರೆ ಹಿಡ್ಕೊಂಡ್ರು."

"ಆಟೋ ಕರಿ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಆಟೋದಲ್ಲಿ ಅವ್ವ ನನ್ನ ಭುಜಕ್ಕೆ ಒರಗಿದ್ದಳು. ಅವಳ ಉಸಿರಿನ ಸದ್ದನ್ನೇ ಕೇಳುತ್ತ ಕೂತೆ. ಉಸಿರೆಳೆದಾಗ ಗಂಟಲಲ್ಲಿ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಕೇಳುತ್ತಿತ್ತು. ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು. ಮನುಷ್ಯರ ಮೈಯಲ್ಲಿ ಇಷ್ಟು ಕೋಶಗಳಿವೆ, ಒಂದಕ್ಕಾದರೂ ನನ್ನ ಹಸಿರು ದೀಪವಿಲ್ಲ ಎಂದು ಹುಚ್ಚುಹುಚ್ಚಾಗಿ ಯೋಚಿಸಿದ್ದು ನೆನಪಿದೆ.

ಆಸ್ಪತ್ರೆಯಲ್ಲಿ ಅವಳ ಕೈ ನೋಡಿದ ಕೂಡಲೇ ಒಳಗೆ ಕರೆದುಕೊಂಡರು. ಎದೆಗೆ ತಂತಿ ಅಂಟಿಸಿ, ಹೃದಯದ ಗೆರೆ ನೋಡುತ್ತ, ನರಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಬಿಟ್ಟರು. ಬೇಗ ಬಿಟ್ಟರೆ ಹೃದಯಕ್ಕೆ ಅಪಾಯ, ತಡವಾದರೆ ಗಂಟಲಿಗೆ. ನರ್ಸಮ್ಮ ಸಿರಿಂಜನ್ನು ಎಷ್ಟು ಮೆಲ್ಲಗೆ ಒತ್ತುತ್ತಿದ್ದರೆಂದರೆ ಒತ್ತುವುದೇ ಕಾಣುತ್ತಿರಲಿಲ್ಲ. ನಾನು ಅವ್ವನ ಬಲಗೈಯನ್ನೇ ನೋಡುತ್ತಿದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೆಬ್ಬೆರಳು ಅಂಗೈಯಿಂದ ಒಂದಿಷ್ಟು ಆಚೆ ಬಂತು. ಮತ್ತೆ ನಿಂತಿತು. ತೋರುಬೆರಳು ಪಕ್ಕದ ಬೆರಳಿನಿಂದ ಬಿಡಿಸಿಕೊಂಡಿತು. ಕೊನೆಗೆ ಇಡೀ ಕೈ ಹಾಸಿಗೆಯ ಮೇಲೆ ಮೆತ್ತಗೆ ಬಿಚ್ಚಿಕೊಂಡಿತು. ಕಿರುಬೆರಳು ಒಮ್ಮೆ ನಡುಗಿ ಸುಮ್ಮನಾಯಿತು. ಆಗ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೆಳಿಗ್ಗೆ ಪರದೆಯ ಮೇಲೆ ಕಂಡದ್ದು ಇದರ ಮುಂದೆ ಏನೂ ಅನ್ನಿಸಲಿಲ್ಲ.

ಸಂಜೆ ಹೊತ್ತಿಗೆ ಅವಳ ಬಾಯಿ ಸಡಿಲವಾಯಿತು. ಪಾಳಿ ಮುಗಿಸಿ ಬಂದಿದ್ದ ಅಪ್ಪಾಜಿ ಕಾಫಿ ತರಲು ಹೋಗಿದ್ದರು.

"ರಂಗೋಲಿ ನೋಡ್ತೀನಿ ಅಂತ ನಿಂಗೆ ಹೆಂಗ್ ಗೊತ್ತಾಯ್ತು?" ಎಂದು ಕೇಳಿದೆ.

"ಗಾಡಿ ಒರೆಸೋಳು ಗಾಡಿ ನೋಡ್ಬೇಕು. ನೀನು ನೆಲ ನೋಡ್ಕೊಂಡು ಒರೆಸ್ತಿದ್ದೆ."

"ಅಷ್ಟಕ್ಕೇ?"

"ಎಳೆ ಸೊಟ್ಟಗಾದ ದಿನ ಫೋನ್ ಬರೋದು, ಮಾತ್ರೆ ಮಾತ್ರೆ ಅಂತ ಬಡ್ಕೊತಿದ್ದೆ. ನೆಟ್ಟಗಿದ್ದ ದಿನ ಫೋನೇ ಇಲ್ಲ. ನಂಗೂ ಅನುಮಾನ ಬಂತು. ಚೆನ್ನಾಗಿದ್ದಾಗ್ಲೇ ಒಂದಿನ ಬೇಕು ಅಂತ್ಲೇ ಸೊಟ್ಟ ಎಳ್ದು ನೋಡ್ದೆ."

"ಆಮೇಲೆ?"

"ಹನ್ನೊಂದ್ ಗಂಟೆಗೆ ಫೋನ್ ಬಂತು."

ಪರೀಕ್ಷೆ ಮಾಡುತ್ತಿದ್ದವಳು ನಾನು ಎಂದುಕೊಂಡಿದ್ದೆ. ಮನೆಯಲ್ಲಿ ಕೂತು ಅವಳು ನನ್ನನ್ನೇ ಡಬ್ಬಿಯಲ್ಲಿಟ್ಟು ಹನಿ ಬಿಟ್ಟು ನೋಡಿದ್ದಳು.

"ಸರದಿ ಬೇಡ ಅಂದ್ಬುಡ್ತೀನಿ ಅಂದ್ಯಲ್ಲ ಅವತ್ತು, ಒಳಗೆ ಕೇಳಿಸ್ತು. ಅದಕ್ಕೇ ಎದುರುಮನೆಯವ್ಳ ಕೈಲಿ ಹಾಕಿಸ್ದೆ. ಪಾಪದ ಹೆಣ್ಣು, ಅವಳನ್ನ ಬೈಬೇಡ" ಎಂದಳು. ಆಮೇಲೆ, "ಸೋಮವಾರ ಬಿಲ್ವಪತ್ರೆ ಹಾಕು ಅನ್ನೋದೊಂದು ಮರ್ತ್ಬುಟ್ಟೆ ನೋಡು" ಎಂದು ಬೇಸರ ಪಟ್ಟುಕೊಂಡಳು. ತಾನು ಸಾಯುವುದರಲ್ಲಿದ್ದದ್ದಕ್ಕಲ್ಲ, ಅದಕ್ಕೆ.

"ಮಾತ್ರೆ ಯಾಕ್ ಬಿಟ್ಟೆ?"

"ನೀನು ಎದ್ರಿಗೆ ನಿಂತ ದಿನ ಬೆಳಿಗ್ಗೇದು ನುಂಗ್ತಿದ್ನಲ್ಲ" ಎಂದಳು. ನಾನು ಎದ್ದು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತು ಬಂದೆ. ಅಲ್ಲೇ ನಿಂತಿದ್ದರೆ ಆಸ್ಪತ್ರೆ ಎನ್ನುವುದನ್ನೂ ಮರೆತು ಕೂಗಾಡಿಬಿಡುತ್ತಿದ್ದೆ.

ಮಾರನೆಯ ದಿನ ಗೈಡಿಗೆ ಫೋನು ಮಾಡಿದೆ. ಹೇಳದೆ ಕೇಳದೆ ಬಾಗಿಲು ತೆಗೆದದ್ದಕ್ಕೆ, ದೀಪ ಉರಿಯುತ್ತ ಬಿಟ್ಟು ಬಂದದ್ದಕ್ಕೆ ಮೊದಲು ಒಂದು ಸುತ್ತು ಬೈದರು. ಆಮೇಲೆ ಅವ್ವನ ಕ್ಯಾಲ್ಸಿಯಂ ಎಷ್ಟಿತ್ತು ಎಂದು ಕೇಳಿದರು. ಹೇಳಿದೆ. "ಇವತ್ತು ಬರ್ಬೇಡಿ. ಆ ಡಬ್ಬಿ ಹೇಗಿದ್ರೂ ಹಾಳಾಯ್ತು, ಇನ್ನೊಂದು ಸರದಿ ನಾನು ಕೇಳ್ತೀನಿ" ಎಂದು ಫೋನು ಇಟ್ಟರು.

ಅವ್ವ ಮನೆಗೆ ಬಂದ ಮೇಲೆ ಕೆಲವು ದಿನ ಗೇಟಿನ ಮುಂದೆ ಬರೀ ತೊಳೆದ ನೆಲ. ನಾನೇ ಬೇಡ ಎಂದಿದ್ದೆ. ಮೂರು ಹೊತ್ತಿನ ಮಾತ್ರೆಯನ್ನೂ ಈಗ ಎದುರುಮನೆಯ ಸೊಸೆ ಬಂದು ನುಂಗಿಸುತ್ತಿದ್ದಳು. ಮಾಡಿದ ಪಾಪ ಕಳೆದುಕೊಳ್ಳುವವಳ ಹಾಗೆ ಒಂದು ಹೊತ್ತೂ ತಪ್ಪಿಸಲಿಲ್ಲ. ನನ್ನ ಸರದಿ ಮತ್ತೆ ಬಂದದ್ದು ಎಷ್ಟೋ ವಾರಗಳ ಮೇಲೆ, ಅದೂ ಒಂದು ಸೋಮವಾರ. ಬೆಳಿಗ್ಗೆ ಗಾಡಿ ತೆಗೆಯಲು ಹೊರಗೆ ಬಂದರೆ ಅವ್ವ ರಂಗೋಲಿ ಡಬ್ಬಿ ಹಿಡಿದು ಗೇಟಿನ ಪಕ್ಕ ನಿಂತಿದ್ದಳು. ನೆಲದ ಮೇಲೆ ಮೂರೆಲೆಯ ಬಿಲ್ವ. ಒಂದು ಎಲೆಯ ತುದಿ ಸೊಟ್ಟ, ಇನ್ನೊಂದರಲ್ಲಿ ಪುಡಿ ಮುಗಿದು ಎಳೆ ತೆಳುವಾಗಿ ಮತ್ತೆ ದಪ್ಪವಾಗಿತ್ತು. ಬಟ್ಟೆ ಕೈಯಲ್ಲಿ ಹಿಡಿದು ನಿಂತೆ, ಒರೆಸುವ ನಾಟಕ ಮಾಡಲಿಲ್ಲ.

"ಏನ್ ನೋಡ್ತೀಯ? ನಾನೇ ಹಾಕಿದ್ದು" ಎಂದಳು.

"ಗೊತ್ತಾಯ್ತು."

"ಕೂತು ಏಳಕ್ಕೆ ಮಂಡಿ ನೋವು, ಅದಕ್ಕೆ ಆ ತುದಿ ಸೊಟ್ಟಗಾಯ್ತು. ಸುಣ್ಣದ್ದಲ್ಲ."

"ಆಯ್ತು ಬಿಡು."

ಗಾಡಿ ಶುರುಮಾಡಿದೆ. ಅವಳು ಗೇಟು ಹಿಡಿದುಕೊಂಡೇ ಇದ್ದಳು.

"ಇವತ್ತು ಫೋನ್ ಮಾಡ್ತೀಯಾ?"

"ಮಾಡ್ತೀನಿ."

"ಎಳೆ ನೆಟ್ಟಗಾದ್ಮೇಲೂ?"

ಅವಳು ಅದನ್ನು ಚುಚ್ಚಿ ಕೇಳಲಿಲ್ಲ. ನಾಳೆ ತಿಂಡಿಗೆ ಏನು ಎಂದು ಕೇಳುವ ಹಾಗೇ ಕೇಳಿದಳು. ತಲೆ ಆಡಿಸಿ ಹೊರಟೆ.

ಆ ದಿನ ಕೋಶಗಳು ಚೆನ್ನಾಗಿ ಮಿನುಗಿದವು. ಮಧ್ಯಾಹ್ನಕ್ಕೆ ಮೊದಲು ಒಂದು ಡಬ್ಬಿ ಮುಗಿದು ಇನ್ನೊಂದು ಇಡಬೇಕಾದಾಗ ಕತ್ತಲೆ ಕೋಣೆಯಿಂದ ಹೊರಗೆ ಬಂದು ಮನೆಗೆ ಫೋನು ಮಾಡಿದೆ.

"ಏನ್ ವಿಷ್ಯ?" ಎಂದಳು ಅವ್ವ.

"ಏನಿಲ್ಲ."

"ಏನಿಲ್ಲಕ್ಕೆ ಫೋನಾ?" ಎಂದಳು. ಎಂದವಳು ಇಡಲಿಲ್ಲ. ಎದುರುಮನೆಯವಳಿಗೆ ಬಸ್ಸಾರು ಮಾಡುವುದು ಹೇಳಿಕೊಟ್ಟದ್ದು, ಸೊಪ್ಪಿನವಳು ಬಾಡಿದ ಕಟ್ಟು ಕೊಟ್ಟದ್ದು, ಅಪ್ಪಾಜಿ ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿದ್ದು, ಒಂದರ ಹಿಂದೆ ಒಂದು ಹೇಳುತ್ತ ಹೋದಳು. ಒಳಗೆ ಸೂಕ್ಷ್ಮದರ್ಶಕದ ದೀಪ ಸುಮ್ಮನೆ ಉರಿಯುತ್ತಿತ್ತು, ಗೈಡು ಬಾಗಿಲಲ್ಲಿ ಬಂದು ನಿಂತು ಕೈಗಡಿಯಾರ ತೋರಿಸಿದರು. ನಾನು ಅವರಿಗೆ ಬೆನ್ನು ಮಾಡಿ ನಿಂತು, "ಹ್ಞೂಂ, ಆಮೇಲೆ?" ಎಂದೆ.